ಫಸ್ಟ್ ಇಯರ್‌ನಲ್ಲೇ ಇಂಟರ್ನ್‌ಶಿಪ್: ಪುಣೆ, ಮುಂಬೈಯವರೇ, ನಿಮಗೆ ಹೇಗೆ ಸಿಕ್ಕಿತು?

ನಿಗಡಿಯಿಂದ:
ಮೆಕ್ಯಾನಿಕಲ್ ಮೊದಲ ವರ್ಷದಲ್ಲಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಐದಾರು ವಾರ ಬಿಡುವಿದೆ. ಇಂಟರ್ನ್‌ಶಾಲಾ, ಲಿಂಕ್ಡ್‌ಇನ್ ಎರಡರಲ್ಲೂ ಸೇರಿ ಸುಮಾರು 40 ಅರ್ಜಿ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಎಲ್ಲರಿಗೂ ಮೂರನೇ ವರ್ಷದವರೇ ಬೇಕು. ಸುಮ್ನೆ ಇಂಡಿಗೆ ಹೋಗಿ ಅಜ್ಜಿ ಹತ್ತಿರ ಇದ್ದು ಬಾ ಅಂತ ಅಪ್ಪ ಹೇಳುತ್ತಿದ್ದಾರೆ. ಏನು ಮಾಡಲಿ?

ಭೋಸರಿಯಿಂದ:
ತಮ್ಮಾ, 2016ರ ಬೇಸಿಗೆಯಲ್ಲಿ ನನ್ನದೂ ಇದೇ ಕಥೆ. ಕೊನೆಗೆ ರೆಸ್ಯೂಮೆಯ ಹತ್ತು ಪ್ರಿಂಟ್ ತೆಗೆಸಿಕೊಂಡು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಹೋದ ದಿನ ಶೆಡ್ಡುಗಳಿಗೆಲ್ಲ ಬೀಗ. ಇಲ್ಲಿ ವಾರದ ರಜೆ ಗುರುವಾರ ಅನ್ನುವುದೂ ನನಗೆ ಗೊತ್ತಿರಲಿಲ್ಲ! ಮರುದಿನ ಏಳು ಗೇಟಿನಲ್ಲಿ 'ನಂತರ ಯಾ' (ಆಮೇಲೆ ಬನ್ನಿ) ಅಂದರು. ಎಂಟನೆಯದು ಹದಿನೈದು ಜನರ ಸಿಎನ್‌ಸಿ ಶಾಪ್, ಅಂದರೆ ಕಂಪ್ಯೂಟರ್ ನಿಯಂತ್ರಿತ ಮೆಷಿನ್‌ಗಳಲ್ಲಿ ಲೋಹದ ಭಾಗ ಮಾಡುವ ಜಾಗ. ಮಾಲೀಕರು ರೆಸ್ಯೂಮೆ ಮಡಚಿ ಜೇಬಿಗಿಟ್ಟು, ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಓದಲು ಬರುತ್ತದಾ ಅಂತ ಕೇಳಿದರು. ಬರುತ್ತದೆ ಅಂದೆ. ಒಂದು ಬುಷ್ (ಕೊಳವೆಯಂಥ ಚಿಕ್ಕ ಭಾಗ) ಕೊಟ್ಟು ಒಳಗಿನ ಅಳತೆ ತೆಗೆಸಿದರು. ತಪ್ಪು ಹೇಳಿದೆ. ಆದರೂ ನಾಳೆ ಎಂಟಕ್ಕೆ ಬಾ ಅಂದರು.

ಸಂಬಳ ಇಲ್ಲ, ಮಧ್ಯಾಹ್ನದ ಊಟ ಮತ್ತು ಚಹಾ. ಮೊದಲ ವಾರ ಬರೀ ಅಳೆಯುವುದು, ರಿಜಿಸ್ಟರ್‌ನಲ್ಲಿ ಬರೆಯುವುದು. ಬೇಜಾರಾಗಿ ಎರಡನೇ ವಾರ ಆ ರಿಜಿಸ್ಟರನ್ನು ಎಕ್ಸೆಲ್‌ಗೆ ಹಾಕಿದೆ. ಬೆಳಗಿನ ಮೊದಲ ಅರ್ಧ ಗಂಟೆಯ ಪೀಸ್‌ಗಳೇ ಜಾಸ್ತಿ ರಿಜೆಕ್ಟ್ ಆಗುತ್ತಿದ್ದವು. ಮೆಷಿನ್ ಓಡಿ ಬಿಸಿಯಾಗುವವರೆಗೆ ಅಳತೆ ಸ್ವಲ್ಪ ಸರಿಯುತ್ತಲೇ ಇರುತ್ತದೆ. ಆಪರೇಟರ್ ಕಾಕಾಗೆ ಅದು ಮೊದಲೇ ಗೊತ್ತಿತ್ತು, ಯಾರೂ ಅವರನ್ನು ಕೇಳಿರಲಿಲ್ಲ ಅಷ್ಟೇ. ಮರುವರ್ಷ ಚಾಕಣದ ದೊಡ್ಡ ಕಂಪನಿಯೊಂದರ ಇಂಟರ್‌ವ್ಯೂನಲ್ಲಿ ಇಪ್ಪತ್ತು ನಿಮಿಷ ಇದನ್ನೇ ಕೆದಕಿ ಕೆದಕಿ ಕೇಳಿದರು.

ಚಪ್ಪಲಿ ಹಾಕಿಕೊಂಡು ಶಾಪ್‌ಗೆ ಹೋಗಬೇಡ. ನನ್ನನ್ನು ಒಂದು ದಿನ ಅದಕ್ಕೇ ವಾಪಸ್ ಕಳಿಸಿದ್ದರು.

ಥಾಣೆಯಿಂದ:
ನನಗೆ ಸಲೀಸಾಗಿ ಸಿಕ್ಕಿತ್ತು. ಇಂಟರ್‌ವ್ಯೂ ಇಲ್ಲ, ಏನಿಲ್ಲ, ವಾಟ್ಸಾಪ್‌ಗೇ ಆಫರ್ ಲೆಟರ್ ಬಂತು. ನೋಂದಣಿಗೆ ಅಂತ 2,000 ರೂಪಾಯಿ ಕಟ್ಟಿದೆ. ಕೆಲಸ ಏನು ಗೊತ್ತಾ? ಗೆಳೆಯರಿಗೆ ಅವರ ಪೋಸ್ಟರ್ ಕಳಿಸಿ ಇನ್ನೂ ಹತ್ತು ಜನರಿಂದ ದುಡ್ಡು ಕಟ್ಟಿಸುವುದು. ಸರ್ಟಿಫಿಕೇಟ್ ಬಂತು, ಅದರಲ್ಲಿ ನನ್ನ ಹೆಸರೇ ತಪ್ಪು. ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಚೆಂಬೂರಿನಿಂದ:
ಮೆಕ್ಯಾನಿಕಲ್‌ನವರಿಗೆ ಇದು ಉಪಯೋಗವಿಲ್ಲ. ಬಿಎಸ್ಸಿ ಮಕ್ಕಳು ಯಾರಾದರೂ ಓದುತ್ತಿದ್ದರೆ ಇರಲಿ ಅಂತ ಬರೆಯುತ್ತಿದ್ದೇನೆ. ನನ್ನ ಮಗಳು ಕೊಲಾಬಾದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಅಲ್ಲಿನ ಬೇಸಿಗೆ ಕಾರ್ಯಕ್ರಮ ಹೆಚ್ಚಾಗಿ ಮೇಲಿನ ವರ್ಷದವರಿಗೆ. ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನಡೆಸುವ ಎನ್‌ಐಯುಎಸ್ ಶಿಬಿರಗಳನ್ನೂ ನೋಡಿ. ಅವು ಪದವಿ ಮಕ್ಕಳಿಗಾಗಿಯೇ ಇರುವಂಥವು.

ಚಿಂಚವಾಡದಿಂದ:
ನಾನು ಮಕ್ಕಳನ್ನು ತೆಗೆದುಕೊಳ್ಳುವ ಕಡೆಯವನು, ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಹುಡುಗನಿಗೆ ಪೆಟ್ಟಾದರೆ ಯಾರು ಜವಾಬ್ದಾರಿ ಅನ್ನುವುದೇ ನಮ್ಮ ಭಯ. ಕಾಲೇಜಿನ ಪತ್ರ ತಂದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. 'ಏನಾದರೂ ಕಲಿಸಿ ಸರ್' ಅಂತ ಬಂದವರಿಗೆ ಏನು ಕೊಡಬೇಕೋ ತೋಚುವುದಿಲ್ಲ. ಹೋದ ವರ್ಷ ಒಬ್ಬಳು ಬಂದು, ನಿಮ್ಮ ಸ್ಟಾಕ್ ಎಣಿಸಿ ಪಟ್ಟಿ ಮಾಡಿಕೊಡುತ್ತೇನೆ ಅಂದಳು. ಆವತ್ತೇ ಸೇರಿಸಿಕೊಂಡೆ. ಇನ್ನೊಂದು, ಎರಡು ವಾರಕ್ಕೆ ಅಂತ ಬರಬೇಡಿ. ಕೆಲಸ ತಿಳಿಯುವುದರೊಳಗೆ ಹೊರಟೇ ಹೋಗಿರುತ್ತೀರಿ.

ನಿಗಡಿಯಿಂದ:
ಥ್ಯಾಂಕ್ಸ್ ಎಲ್ಲರಿಗೂ. ನಾಳೆಯೇ ಕಾಲೇಜಿನಲ್ಲಿ ಪತ್ರ ಕೇಳುತ್ತೇನೆ. ಭೋಸರಿ ಅಣ್ಣಾ, ನನ್ನ ಮರಾಠಿ ಅಷ್ಟಕ್ಕಷ್ಟೇ. ನಡೆಯುತ್ತದಾ?

ಭೋಸರಿಯಿಂದ:
ನಡೆಯುತ್ತದೆ. ನಮ್ಮ ಆಪರೇಟರ್ ಕಾಕಾ ಸಾಂಗ್ಲಿ ಜಿಲ್ಲೆಯ ಜತ್ ಕಡೆಯವರು. ನಾಲ್ಕು ದಿನ ನಾನು ಅವರ ಜೊತೆ ಮುರುಕು ಮರಾಠಿಯಲ್ಲೇ ಒದ್ದಾಡಿದೆ. ಐದನೇ ದಿನ ಅಮ್ಮನ ಫೋನ್ ಬಂತು, ಕನ್ನಡದಲ್ಲಿ ಮಾತಾಡಿದೆ. ಪಕ್ಕದಲ್ಲೇ ನಿಂತು ಕೇಳಿಸಿಕೊಂಡು, "ಮೊದಲ ಹೇಳಬಾರದೇನಲೇ!" ಅಂದರು.