ಕಿರಾತಕಡ್ಡಿ ಕಷಾಯ: ಫಾರ್ಮಸಿ ಮೇಡಂ ಹತ್ರ ಕೇಳಿ

ಕಾಪು: ಮೇಡಂ, ಕಿರಾತಕಡ್ಡಿಯಲ್ಲಿ ಅಷ್ಟು ಕಹಿ ಎಂತದ್ದು? ಪಾತ್ರೆ ಎರಡು ಸಲ ತಿಕ್ಕಿದರೂ ಮರುದಿನದ ಚಹಾ ಕಹಿ.

ಮೇಡಂ: ಆಂಡ್ರೋಗ್ರಾಫೊಲೈಡ್ ಅಂತ. ಎಲೆಯಲ್ಲಿ ಜಾಸ್ತಿ. ತಣ್ಣೀರಿಗೆ ಸುಲಭದಲ್ಲಿ ಕರಗುವುದಿಲ್ಲ. ಒಂದು ಚೂರು ಉಳಿದರೂ ನಾಲಿಗೆಗೆ ಸಾಕು.

ಬ್ರಹ್ಮಾವರ: ಆಯುರ್ವೇದದ ಕಿರಾತತಿಕ್ತ ಇದೇ ಅಲ್ವಾ?

ಮೇಡಂ: ಅಲ್ಲ. ಅದು ಹಿಮಾಲಯದ ಗಿಡ. ಅದರ ಕಹಿ ಅಮರೋಜೆಂಟಿನ್. ನಮ್ಮದು ನೆಲಬೇವು.

ಸುರತ್ಕಲ್: ಅಪ್ಪನಿಗೆ 71. ಸ್ಟೆಂಟ್ ಹಾಕಿ ಐದು ತಿಂಗಳು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಶುಗರ್‌ಗೆ ಗ್ಲಿಮೆಪಿರೈಡ್ ಉಂಟು. ಮೂರು ವಾರದಿಂದ ಖಾಲಿ ಹೊಟ್ಟೆಗೆ ಒಂದು ಲೋಟ ಕಷಾಯ. ಈಗ ಹಲ್ಲುಜ್ಜುವಾಗ ರಕ್ತ. ಹನ್ನೊಂದು ಗಂಟೆಗೆ ಬೆವರಿ ಕೈ ನಡುಗುತ್ತದೆ. ನಂಜು ಹೊರಗೆ ಬರುವುದು ಅಂತಾರೆ ಅಪ್ಪ.

ಮೇಡಂ: ನಂಜೂ ಅಲ್ಲ, ಎಂತದೂ ಅಲ್ಲ. ಇವತ್ತೇ ಕಷಾಯ ನಿಲ್ಲಿಸಿ. ಸ್ಟೆಂಟಿನ ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ, ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಈ ಕಹಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತದೆ ಎಂದು ಲ್ಯಾಬಿನಲ್ಲಿ ಕಂಡಿದೆ. ಅದೇ ಕೆಲಸಕ್ಕೆ ಅಪ್ಪ ಆಗಲೇ ಎರಡು ಮಾತ್ರೆ ನುಂಗುತ್ತಿದ್ದಾರೆ. ಇಲಿಗಳಲ್ಲಿ ಶುಗರ್ ಕೂಡ ಇಳಿಸಿದೆ. ಗ್ಲಿಮೆಪಿರೈಡೂ ಇಳಿಸುತ್ತದೆ. ಕಷಾಯವೇ ಕಾರಣ ಅಂತ ಇಲ್ಲಿ ಕೂತು ಹೇಳಲಾರೆ. ನಡುಕ ಬಂದಾಗ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆ. ಮಲ ಕಪ್ಪಗಿದ್ದರೂ ಅಷ್ಟೇ. ಎಷ್ಟು ಎಲೆ ಹಾಕುತ್ತಾರೆ?

ಸುರತ್ಕಲ್: ಎರಡು ಮುಷ್ಟಿ. ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತಾರೆ.

ಮೇಡಂ: ಅಯ್ಯೋ ದೇವರೇ. ಇವತ್ತೇ ಡಾಕ್ಟರಿಗೆ ತೋರಿಸಿ. ಕಷಾಯದ ವಿಷಯ ಮುಚ್ಚಿಡಬೇಡಿ.

ಮಲ್ಪೆ: ಡೆಂಗಿಗೆ ಕುಡಿದರೆ ಪ್ಲೇಟ್ಲೆಟ್ ಏರುತ್ತಾ?

ಮೇಡಂ: ಇಲ್ಲ. ಡೆಂಗಿಯಲ್ಲಿ ಬೇಡವೇ ಬೇಡ.

ಬಜ್ಪೆ: ಡೆಂಗಿಗೆ ಒಳ್ಳೆಯದಾ ಮೇಡಂ?

ಮೇಡಂ: ಮೇಲೆ ಓದಿ.

ಕಾರ್ಕಳ: ಬಂದದ್ದು ಹಾಕಿದ್ದೇನೆ: "48 ದಿನ ಕಿರಾತಕಡ್ಡಿ, ಅಮೃತಬಳ್ಳಿ. ಶುಗರ್ ಮಾಯ. ಇನ್ಸುಲಿನ್ ಬಿಡಿ. ಹತ್ತು ಜನರಿಗೆ ಕಳಿಸಿ."

ಮೇಡಂ: ಮೊದಲು ಅದನ್ನು ಅಳಿಸಿ. ಇನ್ಸುಲಿನ್ ಬಿಟ್ಟು ಐಸಿಯು ಸೇರಿದರೆ ಆ ಹತ್ತು ಜನ ನೋಡಲಿಕ್ಕೂ ಬರುವುದಿಲ್ಲ. ಬಸುರಿಯರಿಗೂ ಈ ಕಷಾಯ ಬೇಡ.

ಬ್ರಹ್ಮಾವರ: ಇಂಗ್ಲಿಷ್ ಮದ್ದಿನವರಿಗೆ ನಮ್ಮ ಮದ್ದು ಕಂಡರಾಗುವುದಿಲ್ಲ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿದೇ ನನ್ನ ಅಜ್ಜಿ 90 ದಾಟಿದ್ದು.

ಮೇಡಂ: ಕಿರಾತಕಡ್ಡಿಯ ಕಹಿಯನ್ನು 1911ರಲ್ಲೇ ಬೇರ್ಪಡಿಸಿ ನೋಡಿದ್ದಾರೆ. ಕೆಲಸ ಮಾಡುತ್ತದೆ ಅಂತಲೇ ಹೆದರುವುದು.

ಕಾಪು: ಪಾಲೆ ವರ್ಷಕ್ಕೊಂದು ದಿನ, ಮೇಲೆ ಮೆಂತೆ ಗಂಜಿ. ದಿನಾ ಲೋಟ ಅಲ್ಲ.

ಬ್ರಹ್ಮಾವರ: ನಿಮಗೆ ಪಾಲೆ ಮರ ಗೊತ್ತುಂಟಾ ಮೊದಲು?

ಕಾಪು: ಗೆಣ್ಣಿಗೆ ಏಳೆಲೆ, ಕೆತ್ತಿದರೆ ಹಾಲು. ನಿಮ್ಮವರು ಕತ್ತಲಲ್ಲಿ ಕಾಸರಕನ ಕೆತ್ತೆ ತಾರದಿದ್ದರೆ ಸಾಕು.

ಮೇಡಂ: ಕಾಸರಕ ತಮಾಷೆ ಅಲ್ಲ. ಅದರಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಅಂತ ವಿಷ ಉಂಟು. ಮೈ ಸೆಟೆದು ಸಾಯುತ್ತಾರೆ.

ಬ್ರಹ್ಮಾವರ: ನಮ್ಮವರು ಅಂದ್ರೆ ಯಾರು ಮಾರಾಯ್ರೆ?

ಉಳ್ಳಾಲ: ಎಲೆ ನೆರಳಲ್ಲಿ ಒಣಗಿಸುವುದಾ, ಬಿಸಿಲಲ್ಲಾ?

ಕಾಪು: ಯಾರು ಅಂತ ಊರಿಗೇ ಗೊತ್ತುಂಟು.

ಬಜ್ಪೆ: ಮೇಲೆ ಎಲ್ಲಿ? ಸಿಗುತ್ತಿಲ್ಲ.

ಸುರತ್ಕಲ್: ಮೇಡಂ, ಶುಗರ್ 58 ಇತ್ತು. ಸಕ್ಕರೆ ನೀರು ಕೊಟ್ಟೆ, ಈಗ 94. ಡಾಕ್ಟರ್ ಹತ್ರ ಹೊರಟೆವು. ಅಪ್ಪ ಫ್ಲಾಸ್ಕಿನಲ್ಲಿ ಕಷಾಯ ತುಂಬಿಸಿಕೊಂಡಿದ್ದಾರೆ.

ಮೇಡಂ: ಏನಾದರೂ ತಿನ್ನಿಸಿಯೇ ಹೊರಡಿ, ಗ್ಲಿಮೆಪಿರೈಡಿನಿಂದ ಶುಗರ್ ಮತ್ತೆ ಇಳಿಯಬಹುದು. ಫ್ಲಾಸ್ಕ್ ಇರಲಿ, ಡಾಕ್ಟರಿಗೆ ತೋರಿಸಿ. ನೀವೇ ಹಿಡ್ಕೊಳ್ಳಿ.