‘ಊಹೆ’ ಒಂದೇ ಸಾಕೇ? ಇನ್ಫರೆನ್ಸ್‌ಗೆ ಪದ ಬೇಕು

ಗೆಳೆಯರೇ,

ಓದಿ ಅರ್ಥ ಮಾಡಿಕೊಳ್ಳುವುದನ್ನು ಮಕ್ಕಳಿಗೆ ಕಲಿಸುವ ಬಗ್ಗೆ ಶಿಕ್ಷಕರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದ ಕಾಡುತ್ತಿದೆ. ಪ್ರಿಡಿಕ್ಷನ್ (ಮುಂದೇನಾಗಬಹುದು ಎಂದು ಹೇಳುವುದು), ಇನ್ಫರೆನ್ಸ್ (ನೇರವಾಗಿ ಬರೆಯದ್ದನ್ನು ಬರೆದದ್ದರಿಂದ ತಿಳಿಯುವುದು) ಎರಡನ್ನೂ ನಾವು ‘ಊಹೆ’ ಎಂದೇ ಬರೆಯುತ್ತೇವೆ. ತರಗತಿಯಲ್ಲಿ ಮಾತ್ರ ಇವು ಬೇರೆ ಬೇರೆ ಕೆಲಸ.

ಈ ಸಾಲುಗಳನ್ನು ನೋಡಿ: ‘ರವಿ ಒಳಗೆ ಬಂದು ಕೊಡೆ ಮಡಚಿ ಮೂಲೆಗಿಟ್ಟ. ಅಕ್ಕ ಆಗಷ್ಟೇ ಒರೆಸಿದ್ದ ನೆಲವೆಲ್ಲ ಒದ್ದೆಯಾಯಿತು.’ ಅಕ್ಕ ಈಗ ಏನು ಮಾಡಬಹುದು? ಬೈಯಬಹುದು, ನಗಬಹುದು, ನೀನೇ ಒರೆಸು ಎಂದು ಬಟ್ಟೆ ಕೊಡಬಹುದು. ಇದು ಪ್ರಿಡಿಕ್ಷನ್. ಮುಂದಿನ ಸಾಲಿನಲ್ಲಿ ಅದು ತಪ್ಪು ಎಂದಾದರೂ ನಷ್ಟವಿಲ್ಲ. ಇನ್ನು, ಹೊರಗೆ ಏನಾಗುತ್ತಿತ್ತು? ಮಳೆ. ಆ ಪದ ಅಲ್ಲಿಲ್ಲ. ಆದರೂ ಕೊಡೆ, ಒದ್ದೆ ನೆಲ ಎರಡೂ ಸೇರಿ ಅದನ್ನೇ ಹೇಳುತ್ತವೆ. ಇದು ಇನ್ಫರೆನ್ಸ್. ಇಲ್ಲಿ ಮಗು ಬಾಯಿಗೆ ಬಂದದ್ದು ಹೇಳುವಂತಿಲ್ಲ, ಸಾಲು ತೋರಿಸಬೇಕು. ಎರಡು ಕಡೆಯೂ ‘ಊಹಿಸಿ’ ಎಂದರೆ ಈ ವ್ಯತ್ಯಾಸ ಮಗುವಿಗೆ ಹೇಗೆ ಗೊತ್ತಾಗಬೇಕು?

ಪಲಿಂಕ್ಸರ್ ಮತ್ತು ಬ್ರೌನ್ ಎಂಬ ಸಂಶೋಧಕರು 1984ರಲ್ಲಿ ವಿವರಿಸಿದ ‘ಪರಸ್ಪರ ಬೋಧನೆ’ (ರೆಸಿಪ್ರೊಕಲ್ ಟೀಚಿಂಗ್) ಎಂಬ ಓದು ಕಲಿಸುವ ವಿಧಾನದಲ್ಲಿ ನಾಲ್ಕು ಕೆಲಸಗಳಿವೆ: ಮುಂದೇನು ಎಂದು ಊಹಿಸುವುದು, ಪ್ರಶ್ನೆ ಹಾಕಿಕೊಳ್ಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಸಾರ ಹೇಳುವುದು. ಅಲ್ಲಿ ‘ಊಹೆ’ ಒಂದೇ ಕಡೆ ಬರುವುದರಿಂದ ತೊಂದರೆಯಿಲ್ಲ. ಇನ್ಫರೆನ್ಸ್ ಪಾಠ ಸೇರಿಸಿದ ಕೂಡಲೇ ಗೊಂದಲ ಶುರು.

ಪ್ರಿಡಿಕ್ಷನ್‌ಗೆ ‘ಮುನ್ನೂಹೆ’ ನನಗೆ ಒಪ್ಪಿಗೆ. ಇನ್ಫರೆನ್ಸ್‌ಗೆ ಶಾಸ್ತ್ರದ ಪ್ರಕಾರ ‘ಅನುಮಾನ’ವೇ ಸರಿ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವುದಕ್ಕೆ ‘ನ್ಯಾಯ’ ಎಂಬ ಭಾರತದ ಹಳೆಯ ತರ್ಕಶಾಸ್ತ್ರ ಆ ಪದವನ್ನೇ ಬಳಸುತ್ತದೆ. ಆದರೆ ಇಂದಿನ ಕಿವಿಗೆ ‘ಅವನ ಮೇಲೆ ಅನುಮಾನ’ ಎನ್ನುವ ಅರ್ಥವೇ ಮೊದಲು ಬರುತ್ತದೆ, ಅಲ್ವಾ? ಮಕ್ಕಳಿಗಂತೂ ಬೇರೆ ಅರ್ಥ ಹೊಳೆಯುವುದೇ ಇಲ್ಲ. ‘ತೀರ್ಮಾನ’ ಎಂದರೆ ನಿರ್ಧಾರ ಎಂದಾಗುತ್ತದೆ. ನೇರವಾಗಿ ಹೇಳದೆ ಸೂಚಿಸುವ ಅರ್ಥಕ್ಕೆ ಕಾವ್ಯಶಾಸ್ತ್ರ ಬಳಸುವ ‘ಧ್ವನಿ’ ಸೊಗಸಾದ ಪದ. ಆದರೆ ಅದು ಬರಹದಲ್ಲಿರುವ ಗುಣದ ಹೆಸರು, ಓದುವವರು ಮಾಡುವ ಕೆಲಸದ ಹೆಸರಲ್ಲ.

ಸದ್ಯಕ್ಕೆ ನನ್ನ ಒಲವು ‘ಸುಳಿವಿನಿಂದ ತಿಳಿಯುವುದು’ ಕಡೆಗೆ. ಏನು ಮಾಡಬೇಕು ಎಂಬುದು ಆ ಮಾತಿನಲ್ಲೇ ಇದೆ. ಇದು ಸಣ್ಣ ವಿಷಯವಲ್ಲ. ಓದು ಕಲಿಕೆಯ ಸಂಶೋಧಕಿ ಡೊಲೋರೆಸ್ ಡರ್ಕಿನ್ 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ತರಗತಿಗಳಲ್ಲಿ ಕೂತು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಪರೀಕ್ಷಿಸುತ್ತಿದ್ದುದೇ ಜಾಸ್ತಿ, ಅರ್ಥ ಮಾಡಿಕೊಳ್ಳುವುದು ಹೇಗೆ ಎಂದು ಕಲಿಸುತ್ತಿದ್ದುದು ತೀರಾ ಕಡಿಮೆ. ಸುಮ್ನೆ ‘ಊಹಿಸಿ ಬರೆಯಿರಿ’ ಎನ್ನುವುದೂ ಅದೇ ಜಾತಿಗೆ ಸೇರುತ್ತದೆ.

ಆದರೆ ‘ಸುಳಿವಿನಿಂದ ತಿಳಿಯುವುದು’ ಎಂಬ ಮಾತಿನಲ್ಲೂ ಒಂದು ಕೊರತೆ ಇದೆ. ಇನ್ಫರೆನ್ಸ್‌ನಲ್ಲಿ ಅರ್ಧ ಪಾಲು ಮಗುವಿಗೆ ಮೊದಲೇ ಗೊತ್ತಿರುವ ಸಂಗತಿಯದು. ಮಳೆಯಲ್ಲಿ ಹಿಡಿದ ಕೊಡೆಯಿಂದ ನೀರು ತೊಟ್ಟಿಕ್ಕುತ್ತದೆ ಎಂದು ತಿಳಿಯದ ಮಗುವಿಗೆ ಒದ್ದೆ ನೆಲ ಸುಳಿವೇ ಅಲ್ಲ. ‘ಸುಳಿವು’ ಎಂಬ ಪದ ಬರಹದ ಕಡೆಗಷ್ಟೇ ಕೈ ತೋರಿಸುತ್ತದೆ.

ನಿಮ್ಮಲ್ಲಿ ಪಾಠ ಮಾಡುವವರು ಮಕ್ಕಳಿಗೆ ಯಾವ ಮಾತು ಬಳಸುತ್ತೀರಿ? ಬಾಯಲ್ಲಿ ಹೇಳುವ ಮಾತು ಉದ್ದವಿದ್ದರೂ ಪರವಾಗಿಲ್ಲ. ಆದರೆ ಅಧ್ಯಾಯದ ತಲೆಬರಹಕ್ಕೆ ಒಂದು ಚಿಕ್ಕ ನಾಮಪದ ಬೇಕು. ‘ಅನುಮಾನ’ಕ್ಕೆ ಅದರ ಹಳೆಯ ಅರ್ಥವನ್ನು ತರಗತಿಯಲ್ಲೇ ಮತ್ತೆ ಕಲಿಸಿ ಬಳಸಬಹುದು ಎನ್ನುವವರಿದ್ದರೆ, ಅವರ ಕಾರಣವನ್ನೂ ಕೇಳುವ ಆಸೆಯಿದೆ.