ಬಾಡಿಗೆಯಲ್ಲಿ ಬಿಡುವ ಹಣ ದಾನವೋ, ಋಣವೋ? ವಠಾರದ ಮನೆಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಮಂಡಿ ಮೊಹಲ್ಲಾದ ಸದಸ್ಯ

ಮಾನ್ಯರೇ, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮ ತಂದೆಯವರು ಬಿಟ್ಟುಹೋದ ಒಂದು ವಠಾರವಿದೆ. ನಡುವೆ ಅಂಗಳ, ಅಂಗಳದಲ್ಲೊಂದು ನೀರಿನ ತೊಟ್ಟಿ, ಸುತ್ತ ಮಂಗಳೂರು ಹೆಂಚಿನ ಐದು ಸಣ್ಣ ಮನೆಗಳು. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಒಬ್ಬ ವಿಧವೆ, ಒಬ್ಬ ಆಟೋ ಚಾಲಕ, ದೇವರಾಜ ಮಾರುಕಟ್ಟೆಗೆ ನಸುಕಿನಲ್ಲೇ ಹೂವಿನ ಮೂಟೆ ಹೊತ್ತು ಹೋಗುವ ದಂಪತಿ, ಹೀಗೆ ಐದು ಕುಟುಂಬಗಳು ತಿಂಗಳಿಗೆ ತಲಾ 3,500 ರೂಪಾಯಿ ಕೊಟ್ಟು ಬಹುಕಾಲದಿಂದ ಅಲ್ಲಿವೆ. ಇದನ್ನು ಕೆಡವಿ ವಿದ್ಯಾರ್ಥಿಗಳಿಗೆ ಪಿ.ಜಿ. ಕಟ್ಟಿಸಿದರೆ ಈಗಿನ ಹಲವು ಪಟ್ಟು ಆದಾಯ ಬರುತ್ತದೆ ಎಂಬುದು ನನ್ನ ತಮ್ಮನ ಲೆಕ್ಕ, ಮತ್ತು ಲೆಕ್ಕದಲ್ಲಿ ತಪ್ಪಿಲ್ಲ. "ದಾನ ಮಾಡಬೇಕೆನಿಸಿದರೆ ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಣ್ಣ, ಬಾಡಿಗೆಯಲ್ಲಿ ಬೇಡ" ಎನ್ನುತ್ತಾನೆ.

ನಾನು ಕೇಳುತ್ತಿರುವುದು ಆ ಮಾತನ್ನೇ. ಬಡವರ ಕೈಗೆಟಕುವ ಬಾಡಿಗೆಗೆ ಮನೆ ಕೊಡುವುದು ಕ್ರೈಸ್ತನಾದ ನಾನು ಇಷ್ಟಬಂದರೆ ಮಾಡುವ, ಇಷ್ಟವಿಲ್ಲದಿದ್ದರೆ ಬಿಡುವ ದಾನವೇ, ಅಥವಾ ನನ್ನ ಮೇಲಿರುವ ಋಣವೇ? ಋಣವಾದರೆ ಅದಕ್ಕೆ ಮಿತಿ ಎಲ್ಲಿ? ನನಗೂ ಓದುವ ಇಬ್ಬರು ಮಕ್ಕಳಿದ್ದಾರೆ. ಮಾಡು ಮಳೆಗಾಲದಲ್ಲಿ ಮೂರು ಕಡೆ ಸೋರುತ್ತಿದೆ.

ಉತ್ತರ 1: ನಿವೃತ್ತ ಬ್ಯಾಂಕ್ ನೌಕರ, ಬನ್ನಿಮಂಟಪ

ತಮ್ಮ ಪ್ರಶ್ನೆಗೆ ಎಲ್ಲರೂ ಮೊದಲು ತೆರೆಯುವುದು ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯವನ್ನು. ಭೂಮಿ ದೇವರದು, ನಾವು ಅದರಲ್ಲಿ ಪರದೇಶಿಗಳೂ ಒಕ್ಕಲುಗಳೂ ಆಗಿ ಇರುವವರು ಎಂಬ 23ನೇ ವಚನವನ್ನು ನಾನೂ ಧರ್ಮಕೇಂದ್ರದ ಸಭೆಗಳಲ್ಲಿ ಎಷ್ಟೋ ಸಲ ಎತ್ತಿ ಹೇಳಿದ್ದೇನೆ. ಆದರೆ ಪ್ರಾಮಾಣಿಕವಾಗಿ ಓದುವವರು ಅದೇ ಅಧ್ಯಾಯದ 29 ಮತ್ತು 30ನೇ ವಚನಗಳನ್ನು ಮುಚ್ಚಿಡಬಾರದು. ಹೊಲವನ್ನು ಮಾರಿದವನಿಗೆ ಐವತ್ತನೆಯ ವರ್ಷದಲ್ಲಿ ಅದು ಹಿಂದಿರುಗಬೇಕು. ಕೋಟೆಯೊಳಗಿನ ಪಟ್ಟಣದ ಮನೆಯನ್ನು ಮಾರಿದರೆ ಬಿಡಿಸಿಕೊಳ್ಳಲು ಒಂದೇ ವರ್ಷದ ಗಡುವು, ಆಮೇಲೆ ಅದು ಶಾಶ್ವತವಾಗಿ ಕೊಂಡವನದೇ. ಅಂದರೆ ಪಟ್ಟಣದ ಮನೆಯ ಮೇಲಿನ ಒಡೆತನವನ್ನು ಆ ಧರ್ಮಶಾಸ್ತ್ರವೇ ಒಪ್ಪಿಕೊಂಡಿದೆ. ವಠಾರ ತಮ್ಮದೇ, ಅದರಲ್ಲಿ ಸಂದೇಹ ಬೇಡ.

ಮಿತಿ ಬರುವುದು ಒಡೆತನಕ್ಕಲ್ಲ, ಆ ಒಡೆತನದಿಂದ ನಾವು ಎಷ್ಟು ಹಿಂಡಬಹುದು ಎಂಬುದಕ್ಕೆ. ಅದೇ ಅಧ್ಯಾಯದ 35ರಿಂದ 37ರವರೆಗೆ, ಸೋತುಹೋದ ಸಹೋದರನನ್ನು ನಿನ್ನ ಬಳಿಯಲ್ಲೇ ಬಾಳಗೊಡು, ಅವನಿಂದ ಬಡ್ಡಿ ತೆಗೆದುಕೊಳ್ಳಬೇಡ, ಅವನ ಕಷ್ಟದಿಂದ ಲಾಭ ಎತ್ತಬೇಡ ಎಂಬ ಅರ್ಥದ ಮಾತಿದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ನಿಯಮವೊಂದಿದೆ: ಸಾಲ ಕೊಟ್ಟವನು ಒತ್ತೆ ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು, ಅವನೇ ಅದನ್ನು ತಂದುಕೊಡಬೇಕು. ಹಣ ಬರಬೇಕಾದವನೂ ಹೊಸ್ತಿಲ ಆಚೆ ನಿಲ್ಲಬೇಕು ಎಂದಮೇಲೆ ಒಳಗಿರುವವನ ಮಾನವೂ ಆ ಲೆಕ್ಕದಲ್ಲಿ ಸೇರಿದೆ ಎಂದಾಯಿತು. ವಸೂಲಿಗೆಂದು ಎಷ್ಟೋ ಮನೆಗಳಿಗೆ ಹೋಗಿಬಂದವನಾದ ನನಗೆ ಈ ವಚನ ಓದುವಾಗ ಈಗಲೂ ಸ್ವಲ್ಪ ಮುಜುಗರವಾಗುತ್ತದೆ.

ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರತಂದ 'ಗೌದಿಯುಮ್ ಎತ್ ಸ್ಪೇಸ್' ಎಂಬ ಶಾಸನವು ಮನುಷ್ಯನಿಗೆ ಮನುಷ್ಯನಂತೆ ಬದುಕಲು ಬೇಕಾದವುಗಳನ್ನು ಹೇಳುವಾಗ ಅನ್ನ, ಬಟ್ಟೆಯ ಜೊತೆಯಲ್ಲೇ ವಸತಿಯನ್ನು ಸೇರಿಸುತ್ತದೆ. ಆದ್ದರಿಂದ ನನ್ನ ಉತ್ತರ ಋಣ ಎಂಬುದೇ. ಆದರೆ ಸೋರುವ ಮಾಡಿನ ರಿಪೇರಿ, ಕಂದಾಯ, ತಮ್ಮ ಮಕ್ಕಳ ಶುಲ್ಕ ಇವೆಲ್ಲ ಬಾಡಿಗೆಯಿಂದಲೇ ಹುಟ್ಟಬೇಕಾಗಿದ್ದರೆ ಬಾಡಿಗೆ ಏರಿಸುವುದು ಪಾಪವಲ್ಲ.

ಉತ್ತರ 2: ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟೆಂಟ್ ಚರ್ಚು) ಸಭೆಯ ಒಬ್ಬ ಅಧ್ಯಾಪಕಿ

ಹಿರಿಯರ ಮಾತಿಗೆ ನನ್ನದೊಂದು ತಕರಾರಿದೆ. ಐದು ಮನೆಗಳ ಮಾಲೀಕರ ಹೆಗಲ ಮೇಲೆ ಇಡೀ ಧರ್ಮಶಾಸ್ತ್ರವನ್ನು ಹೊರಿಸಿ, ಎಕರೆಗಟ್ಟಲೆ ಜಾಗವಿರುವ ಸಭೆಗಳನ್ನು ನಾವು ಸುಲಭವಾಗಿ ಬಿಟ್ಟುಬಿಡುತ್ತೇವೆ. ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯದಲ್ಲಿ ಹೊಲ ಮನೆ ಇದ್ದವರು ಮಾರಿ ಹಣ ತಂದದ್ದು ನಿಜ. ಆದರೆ ಅದನ್ನು ಅಗತ್ಯಕ್ಕೆ ತಕ್ಕಂತೆ ಹಂಚಿದ್ದು ಸಭೆ. ನಮ್ಮ ಸಭೆಗಳು ಕಲ್ಯಾಣಮಂಟಪ ಕಟ್ಟಿವೆ, ಅಂಗಡಿ ಮಳಿಗೆ ಕಟ್ಟಿವೆ. ಬಾಡಿಗೆ ಮನೆ ಕಟ್ಟಿದ್ದನ್ನು ನಾನು ಕಂಡಿದ್ದು ಕಡಿಮೆ.

ಸಂಸ್ಥೆಯಾಗಿ ನಿಂತರೆ ಎಷ್ಟು ಕಾಲ ನಡೆಯುತ್ತದೆ ಎಂಬುದಕ್ಕೆ ಜರ್ಮನಿಯ ಆಗ್ಸ್‌ಬರ್ಗ್ ನಗರದ ಫುಗ್ಗರಾಯ್ ಸಾಕ್ಷಿ. ಯಾಕೋಬ್ ಫುಗ್ಗರ್ ಎಂಬ ಸಾಹುಕಾರ 1521ರಲ್ಲಿ ನಿಧಿಪತ್ರ ಬರೆದಿಟ್ಟು ನಡೆಸಿಕೊಂಡು ಬಂದ ಬಡವರ ಮನೆಗಳವು. ಅಂದಿನ ಒಂದು ರೈನ್ ಗಿಲ್ಡರ್ ನಾಣ್ಯದ ವಾರ್ಷಿಕ ಬಾಡಿಗೆ ಇಂದಿಗೂ ಏರಿಲ್ಲ. ಈಗಿನ ಹಣದಲ್ಲಿ ಅದು 0.88 ಯೂರೋ. ಇದರ ಜೊತೆಗೆ ಅಲ್ಲಿರುವವರು ಸ್ಥಾಪಕನ ಕುಟುಂಬಕ್ಕಾಗಿ ದಿನಕ್ಕೆ ಮೂರು ಪ್ರಾರ್ಥನೆ ಹೇಳಬೇಕು, ಕಥೋಲಿಕರೂ ಆಗಿರಬೇಕು. ರಾಜರಿಗೇ ಸಾಲ ಕೊಟ್ಟು ಬೆಳೆದ ಮನುಷ್ಯ ಆತ್ಮಕ್ಕೊಂದು ವಿಮೆ ಮಾಡಿಸಿಕೊಂಡ ಎಂದೂ ಅನ್ನಬಹುದು. ಆ ಷರತ್ತನ್ನು ತಾವು ಅನುಸರಿಸಬೇಡಿ. ಮನೆಯನ್ನು ಧರ್ಮ ನೋಡಿ ಕೊಟ್ಟರೆ 'ನಾನು ಪರದೇಶಿಯಾಗಿದ್ದೆ, ನೀವು ಸೇರಿಸಿಕೊಂಡಿರಿ' ಎಂದು ಯೇಸು ಹೇಳುವ ಮತ್ತಾಯನ 25ನೇ ಅಧ್ಯಾಯದ ಪರದೇಶಿ ಹೊರಗೇ ಉಳಿಯುತ್ತಾನೆ.

ತಮ್ಮ ತಮ್ಮನವರಿಗೆ ಇನ್ನೊಂದು ಉದಾಹರಣೆ ಹೆಚ್ಚು ಹಿಡಿಸೀತು. 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಆರಂಭಿಸಿದ 'ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ' ಪುಕ್ಕಟೆ ಮನೆ ಕೊಡಲಿಲ್ಲ. ಮನೆ ಪಡೆಯುವ ಕುಟುಂಬ ತಾನೂ ಗೋಡೆ ಕಟ್ಟಲು ಕೈ ಹಚ್ಚಬೇಕು, ಲಾಭವೂ ಬಡ್ಡಿಯೂ ಇಲ್ಲದ ಬೆಲೆಯನ್ನು ಕಂತಿನಲ್ಲಿ ತೀರಿಸಬೇಕು, ಆ ಕಂತಿನಿಂದ ಮುಂದಿನವರ ಮನೆ ಏಳಬೇಕು. ಹಿರಿಯರು ಹೇಳಿದ ಯಾಜಕಕಾಂಡದ ಬಡ್ಡಿ ನಿಷೇಧವೇ ಇಲ್ಲಿ ಇಟ್ಟಿಗೆಯಾಯಿತು.

ಉತ್ತರ 3: ಕಟ್ಟಡದ ಕೆಲಸದವನು, ಹೆಬ್ಬಾಳ

ನಾನು ಇಗರ್ಜಿಗೆ ಹಬ್ಬಕ್ಕೆ ಮಾತ್ರ ಹೋಗುವವನು. ಮಾಡಿನ ಬಗ್ಗೆ ಎರಡು ಮಾತು ಹೇಳುತ್ತೇನೆ. ಸೋರುತ್ತಿದೆ ಎಂದ ಮಾತ್ರಕ್ಕೆ ಕೆಡವಬೇಕಿಲ್ಲ. ಸಾಮಾನ್ಯವಾಗಿ ಇಂಥ ಮನೆಗಳಲ್ಲಿ ಹೆಂಚು ಕೆಟ್ಟಿರುವುದಿಲ್ಲ, ಅದರ ಕೆಳಗಿನ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ, ಗೆದ್ದಲು ಹಿಡಿದು ಬಾಗಿರುತ್ತದೆ. ಹೆಂಚುಗಳನ್ನು ಇಳಿಸಿ ಉಜ್ಜಿ ತೊಳೆದು, ಒಡೆದವನ್ನು ಆಯ್ದು ಬಿಸಾಡಿ, ಹೊಸ ರೀಪು ಹೊಡೆದು ಮತ್ತೆ ಹೊದಿಸಿದರೆ ಬಾಡಿಗೆದಾರರನ್ನು ಎಬ್ಬಿಸದೆ ವಾರಕ್ಕೊಂದು ಮನೆಯಂತೆ ಮುಗಿಸಬಹುದು.

ಇಳಿಸುವಾಗ ಹೆಂಚಿನ ಹಿಂಭಾಗ ನೋಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಮುದ್ರೆ ಮತ್ತು 1865 ಎಂಬ ಅಂಕಿ ಸಿಕ್ಕರೂ ಸಿಗಬಹುದು. ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ. ಮತಾಂತರವಾದ ಮೇಲೆ ಮನೆಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದವರಿಗೆ ಕೂಲಿ ಹುಟ್ಟಿಸಲು ಪಾದ್ರಿಗಳು ತೆರೆದ ಕಾರ್ಖಾನೆಗಳಲ್ಲಿ ಅದೂ ಒಂದು.

ಮುಂದೆ ಹೊಸದಾಗಿ ಕಟ್ಟುವುದೇ ಆದರೆ ಕೇರಳದಲ್ಲಿ ನೆಲೆಸಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಕಟ್ಟಡಗಳನ್ನು ನೋಡಿ ಬನ್ನಿ. ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲಿಗೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಅವರ ಗೋಡೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು. ಹಳೆಯ ಹೆಂಚುಗಳನ್ನು ತಾರಸಿಯ ಕೆಳಭಾಗದಲ್ಲಿ ಹುದುಗಿಸಿ ಕಾಂಕ್ರೀಟು ಉಳಿಸುವ ಕ್ರಮವೂ ಅವರದರಲ್ಲಿದೆ. ಕಟ್ಟುವ ಖರ್ಚು ಇಳಿಯದೆ ಬಾಡಿಗೆ ಇಳಿಯುವುದಿಲ್ಲ. ಪ್ರಸಂಗದಲ್ಲಿ ಈ ಮಾತನ್ನು ಯಾರೂ ಹೇಳುವುದಿಲ್ಲ.

ಉತ್ತರ 4: ಬಾಡಿಗೆ ಮನೆಯವಳು, ಊರು ಮಂಡ್ಯ, ಈಗ ಎನ್.ಆರ್. ಮೊಹಲ್ಲಾ

ಇಲ್ಲಿಯವರೆಗೆ ಬರೆದವರೆಲ್ಲ ಮನೆ ಕೊಡುವ ಕಡೆಯಿಂದ ಬರೆದಿದ್ದೀರಿ. ನಾನು ಮೂರು ವರ್ಷಗಳಲ್ಲಿ ನಾಲ್ಕು ಮನೆಗಳಲ್ಲಿ ಹಾಲುಕ್ಕಿಸಿದವಳು. ನಮ್ಮನ್ನು ಸುಸ್ತು ಮಾಡಿದ್ದು ತಿಂಗಳ ಬಾಡಿಗೆಯಲ್ಲ, ಅದನ್ನು ಹೇಗೋ ಹೊಂದಿಸುತ್ತಿದ್ದೆವು. ಹತ್ತು ತಿಂಗಳ ಅಡ್ವಾನ್ಸನ್ನು ಒಟ್ಟಿಗೆ ಕೂಡಿಸಲು ನನ್ನ ಓಲೆ ಅಡವಿಟ್ಟೆವು. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು, ಕಿತ್ತುಹೋದ ನಲ್ಲಿಗೆಂದು ಮುರಿದುಕೊಂಡು ಉಳಿದದ್ದನ್ನು ಎರಡು ಕಂತಿನಲ್ಲಿ ಕೊಟ್ಟರು. ಅಷ್ಟರಲ್ಲಿ ಮುಂದಿನ ಮನೆಗೆ ಮತ್ತೆ ಅಡ್ವಾನ್ಸು ಕೊಟ್ಟಾಗಿತ್ತು, ಓಲೆ ಬಿಡಿಸಲಾಗಲಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯುವ ಹೊತ್ತಿಗೆ ಮಗನ ಪರೀಕ್ಷೆ ಬರುತ್ತಿತ್ತು.

ಇನ್ನೊಂದು ಮಾತು. ಗೇಟಿನಲ್ಲಿ ನಿಂತಾಗ ಮೊದಲು ಬರುವ ಪ್ರಶ್ನೆ "ನೀವು ಯಾವ ಜನ?" ಎಂಬುದು. ಬಾಗಿಲ ಮೇಲೆ ಶಿಲುಬೆ ಇದ್ದ ಮನೆಯಲ್ಲೂ ಹಾಗೆಯೇ ಕೇಳಿದರು. ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂದಿದೆ. ಸಣ್ಣ ಬಾಡಿಗೆ ಎಂಬ ಒಂದನ್ನೇ ಹಿಡಿದು ಕೂರದೆ, ಮುಂಗಡ ಎಷ್ಟು, ಎಷ್ಟು ವರ್ಷ ಎಬ್ಬಿಸುವುದಿಲ್ಲ, ಬಾಡಿಗೆ ಯಾವಾಗ ಎಷ್ಟು ಏರುತ್ತದೆ ಎಂಬ ಮೂರನ್ನೂ ತಾವು ಕಾಗದದಲ್ಲಿ ಬರೆದುಕೊಟ್ಟರೆ ಐನೂರು ರೂಪಾಯಿ ಹೆಚ್ಚಿಗೆ ಕೇಳಿದರೂ ನಮ್ಮಂಥವರು ಕೊಡುತ್ತೇವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಮಂಡ್ಯದ ತಂಗಿ ಬರೆದದ್ದನ್ನು ಓದಿದ ಮೇಲೆ ನಮ್ಮ ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಿದೆ; ಆಯಾ ಕೆಲಸದವರಿಂದ ನಾವೂ ಹತ್ತು ತಿಂಗಳ ಮುಂಗಡವನ್ನೇ ಪಡೆದಿದ್ದೇವೆ, ರಸೀದಿ ಮಾತ್ರ ಕೊಟ್ಟಿಲ್ಲ. ಬಾಡಿಗೆ ಕಡಿಮೆ ಎಂದು ನಾನು ಹೆಮ್ಮೆಪಡುತ್ತಿದ್ದಾಗ ಈ ಹಣದ ನೆನಪೇ ನನಗಿರಲಿಲ್ಲ.

ತಮ್ಮನೊಡನೆ ಭಾನುವಾರ ಪೂಜೆ ಮುಗಿಸಿ ಬಂದು ಕುಳಿತು ಮಾತಾಡಿದೆ. ಪಿ.ಜಿ. ಯೋಚನೆಯನ್ನು ಅವನು ಕೈಬಿಟ್ಟಿಲ್ಲ, ಐದು ವರ್ಷ ಮುಂದಕ್ಕೆ ಹಾಕಿದ್ದಾನೆ. ಮುಂಗಾರಿಗೆ ಮೊದಲು ರೀಪು ಬದಲಿಸುವುದು, ಬಾಡಿಗೆಯನ್ನು 4,000ಕ್ಕೆ ಏರಿಸಿ ಮೂರು ವರ್ಷ ಮುಟ್ಟದಿರುವುದು, ಎರಡು ತಿಂಗಳ ಮುಂಗಡವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ರಿಪೇರಿ ಮುಗಿದ ಮೇಲೆ ಒಂದೊಂದೇ ಮನೆಯವರಿಗೆ ಹಿಂದಿರುಗಿಸುವುದು ಎಂದು ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಬಾಡಿಗೆದಾರರಿಗೆ ಇದನ್ನು ಓದಿ ಹೇಳಿದಾಗ ಹೂವಿನ ದಂಪತಿ ಕೇಳಿದ್ದು ಒಂದೇ ಮಾತು: ಬೆಳಿಗ್ಗೆ ಹೂವಿಗೆ ನೀರು ಚಿಮುಕಿಸಲು ಬೇಕು, ಕೆಲಸ ನಡೆಯುವಾಗ ತೊಟ್ಟಿಯನ್ನು ಒಡೆಯುವುದಿಲ್ಲ ತಾನೇ? ಆ ಸಾಲನ್ನೂ ಕಾಗದಕ್ಕೆ ಸೇರಿಸಿದ್ದೇವೆ.